ಎಡಕ್ಕೆ ಹೊಸೆದ ಹಗ್ಗ

ಒಕ್ಸಮ್ಮ ಹಿಮ್ಮುಖವಾಗಿ ನಡೆಯುತ್ತಿದ್ದರು. ತಡವರಿಸುತ್ತಾ ಅಲ್ಲ, ಮುಂದಕ್ಕೆ ನಡೆಯುವ ನಾವೇ ನಾಚಬೇಕು, ಅಷ್ಟು ರಭಸದಲ್ಲಿ. ಬೆಳಗ್ಗೆ ಆರಕ್ಕೆ ಸಿಂಗಸಂದ್ರದ ನಮ್ಮ ಅಡ್ಡರಸ್ತೆಯಲ್ಲಿ ಹಾಲಿನ ಬೂತಿನಿಂದ ಅರಳಿಕಟ್ಟೆಯವರೆಗೆ, ಅಲ್ಲಿಂದ ಮತ್ತೆ ಬೂತಿಗೆ. ಹಣೆಯಿಂದ ಗಲ್ಲದವರೆಗೆ ಇಳಿಯುವ ಕಪ್ಪು ಪ್ಲಾಸ್ಟಿಕ್ಕಿನ ಮುಖಮರೆ, ಮಣಿಕಟ್ಟಿನಿಂದ ತೋಳಿನವರೆಗೆ ಹೂವಿನ ಬಟ್ಟೆ, ಕಾಲಿಗೆ ಬಿಳಿ ಬೂಟು. ಹೆಜ್ಜೆಗೊಂದು ಚಪ್ಪಾಳೆ, ಒಮ್ಮೆ ಎದೆಯ ಮುಂದೆ, ಒಮ್ಮೆ ಬೆನ್ನ ಹಿಂದೆ. ಮೊದಲ ವಾರ ಬೀದಿನಾಯಿಗಳು ಬೊಗಳಿ ಬೊಗಳಿ ಸುಸ್ತಾದವು. ಎರಡನೆಯ ವಾರ ತಲೆ ಎತ್ತಿ ನೋಡುವುದನ್ನೂ ಬಿಟ್ಟವು.

"ಯಾಕೆ ಹೀಗೆ?" ಎಂದು ನಾನು ಕೈ ತಿರುಗಿಸಿ ಕೇಳಿದಾಗ ಮೊಣಕಾಲು ಮುಟ್ಟಿ ತೋರಿಸಿದರು. "ಮುಂದೆ, ನೋವು. ಹಿಂದೆ, ನೋವು ಇಲ್ಲ." ಅಷ್ಟು ಹೇಳುವುದಕ್ಕೂ ನಿಲ್ಲಲಿಲ್ಲ, ಹೇಳುತ್ತಲೇ ಹಿಂದೆ ಹಿಂದೆ ಸರಿದು ಬೂತಿನ ತಿರುವಿನಲ್ಲಿ ಮರೆಯಾದರು.

ಅವರ ಪೂರ್ತಿ ಹೆಸರು ಪಾರ್ಕ್ ಒಕ್‌ಸುನ್. ಕೊರಿಯಾದವರು. ನಮ್ಮ ಮನೆಯ ಮೊದಲ ಮಹಡಿಯಲ್ಲಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಬಾಡಿಗೆಗಿದ್ದರು. ಮಗ ಎಲೆಕ್ಟ್ರಾನಿಕ್ ಸಿಟಿಯಾಚೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಇಲ್ಲಿಗೆ ಬಂದ ಹೊಸದರಲ್ಲಿ ಹೋಟೆಲ್ ಊಟ ತಿಂದು ಆಸ್ಪತ್ರೆ ಸೇರಿದ್ದನಂತೆ. ಸುದ್ದಿ ಕೇಳಿದವರೇ ಮೂರು ಸೂಟ್‌ಕೇಸ್ ತುಂಬ ಒಣ ಮೆಣಸಿನ ಪುಡಿ, ಕಡಲ ಸೊಪ್ಪು, ಎಳ್ಳೆಣ್ಣೆ ತುಂಬಿಕೊಂಡು ವಿಮಾನ ಹತ್ತಿದ್ದರು. ನಮ್ಮತ್ತೆಗೆ ಒಕ್‌ಸುನ್ ಎನ್ನುವುದು ಬಾಯಿಗೆ ಹತ್ತಲಿಲ್ಲ. ಮೂರನೆಯ ದಿನಕ್ಕೆ ಒಕ್ಸಮ್ಮ ಎಂದು ಕರೆದರು, ಬೀದಿಯೆಲ್ಲ ಅದನ್ನೇ ಹಿಡಿಯಿತು.

ನಾನು ಮಾತ್ರ ಅವರನ್ನು ಇಮೊ ಎನ್ನುತ್ತಿದ್ದೆ. ಅದೂ ಅವರೇ ಹೇಳಿಕೊಟ್ಟಿದ್ದು. ಅವರ ಬಳಿ ಒಂದು ಫೋನಿತ್ತು. ಅದಕ್ಕೆ ಅವರ ಭಾಷೆಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ, ವಾರ್ತೆ ಓದುವ ಹೆಂಗಸಿನ ದನಿಯಲ್ಲಿ ಹೇಳುತ್ತಿತ್ತು. ಸಾಮಾನು ಇಳಿಸುತ್ತಿದ್ದ ಮೊದಲ ದಿನವೇ ಆ ಫೋನನ್ನು ನನ್ನ ಮೂಗಿಗೆ ಹಿಡಿದರು. "ತಮ್ಮ ವಯಸ್ಸು ಎಷ್ಟೆಂದು ತಿಳಿಸುವಿರಾ?" ಎಂದಿತು ಫೋನು. ನನಗೆ ಮೈ ಉರಿಯಿತು. ಹೆಸರು ಕೇಳಿಲ್ಲ, ನೀರು ಎಲ್ಲಿ ಬರುತ್ತದೆ ಕೇಳಿಲ್ಲ, ವಯಸ್ಸು ಯಾಕಂತೆ ಇವರಿಗೆ? ಆಮೇಲೆ ತಿಳಿಯಿತು, ವಯಸ್ಸು ಗೊತ್ತಾಗದೆ ಅವರಲ್ಲಿ ಮಾತೇ ಶುರುವಾಗುವುದಿಲ್ಲ. ಎದುರಿಗಿರುವವರು ಅಕ್ಕನೋ ತಂಗಿಯೋ ಚಿಕ್ಕಮ್ಮನೋ ಎಂದು ತೀರ್ಮಾನವಾಗಬೇಕು. ನಾನು ಮೂವತ್ತಮೂರು ಎಂದೆ. ಅಮ್ಮ ಇದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಯೋಚಿಸಿ, "ಇಮೊ," ಎಂದು ತಮ್ಮ ಎದೆ ಮುಟ್ಟಿಕೊಂಡರು. ಇಮೊ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ನಮ್ಮಲ್ಲೂ ಹಾಗೇ ತಾನೇ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಅಕ್ಕ ಎನ್ನದೆ ಮಾತಾಡಿಸಲು ಬರುವುದಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಅವರಿಗೆ ಎಲ್ಲವೂ ಬೇಗ ಆಗಬೇಕು. ಕನ್ನಡದಲ್ಲಿ ಮೊದಲು ಕಲಿತ ಪದವೇ "ಬೇಗ". ಸೊಪ್ಪಿನವಳಿಗೆ "ಬೇಗ ಬೇಗ", ಗ್ಯಾಸ್ ತಂದವನಿಗೆ "ಬೇಗ ಬೇಗ", ಲಿಫ್ಟಿಲ್ಲದ ನಮ್ಮ ಮೆಟ್ಟಿಲಿಗೂ ಅದೇ ಮಾತು ಹೇಳುತ್ತಿದ್ದರೋ ಏನೋ. ಎರಡನೆಯ ಪದ "ಬೇಡ". ಮೂರನೆಯದು "ಊಟ ಆಯ್ತಾ". ಇದನ್ನು ಕಲಿತ ದಿನ ಅವರಿಗಾದ ಖುಷಿ ನೋಡಬೇಕಿತ್ತು. ಅವರ ಊರಲ್ಲೂ ಜನ ಎದುರಾದರೆ ಇದನ್ನೇ ಕೇಳುತ್ತಾರಂತೆ. ಅಂದಿನಿಂದ ಮೀಟರ್ ಓದಲು ಬಂದವನಿಗೂ ಊಟ ಆಯ್ತಾ, ಕೊರಿಯರ್ ತಂದವನಿಗೂ ಊಟ ಆಯ್ತಾ, ಬೆಳಗ್ಗೆ ಆರೂಕಾಲಿಗೆ ಹಾಲು ತರಲು ಹೊರಟ ನನ್ನ ಗಂಡನಿಗೂ ಊಟ ಆಯ್ತಾ.

ಒಂದು ಭಾನುವಾರ ಅತ್ತೆ ಅವರನ್ನು ದೋಸೆಗೆ ಕರೆದರು. ಇಮೊ ಚಪ್ಪಲಿ ಬಿಟ್ಟು ನೆಲದ ಮೇಲೆ ಸಲೀಸಾಗಿ ಚಕ್ಕಂಬಕ್ಕಳ ಹಾಕಿ ಕೂತಾಗ ಅತ್ತೆಯ ಮುಖ ಅರಳಿತು. ತಟ್ಟೆಯನ್ನು ಎರಡೂ ಕೈ ಚಾಚಿ ತೆಗೆದುಕೊಂಡಾಗ ಇನ್ನಷ್ಟು ಅರಳಿತು. ಆಮೇಲೆ ಇಮೊ ತಮ್ಮ ಚೀಲದಿಂದ ಕತ್ತರಿ ತೆಗೆದರು. ಬಟ್ಟೆ ಕತ್ತರಿಸುವಷ್ಟು ದೊಡ್ಡದು. ಗರಿಗರಿಯಾದ ದೋಸೆಯನ್ನು ಕರಕರ ಎಂಟು ತುಂಡು ಮಾಡಿ ಎಲ್ಲರ ತಟ್ಟೆಗೂ ಹಂಚಿದರು.

"ಅಯ್ಯೋ, ದೋಸೆಗೆ ಯಾರಾದ್ರೂ ಕತ್ರಿ ಆಕ್ತಾರಾ?" ಎಂದು ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಟೈಲರ್ ಅಂಗ್ಡಿ ಆಗೋಯ್ತು ನಮ್ಮನೆ."

ಇಮೊಗೆ ಅರ್ಥವಾಗಲಿಲ್ಲ. ನಕ್ಕು, "ಬೇಗ," ಎಂದು ಕತ್ತರಿ ಆಡಿಸಿ ತೋರಿಸಿದರು. ಕೈಯಲ್ಲಿ ಹರಿಯುವುದಕ್ಕಿಂತ ಬೇಗ ಎಂದು.

ಹೀಗೆ ನಗುತ್ತಾ ನಗಿಸುತ್ತಾ ಇದ್ದವರು ಒಂದೇ ಒಂದು ಹೊತ್ತಿನಲ್ಲಿ ಗಂಭೀರವಾಗುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಟಿಫನ್ ಚೀಲ ಹಿಡಿದು ಹೊಸೂರು ರಸ್ತೆಯ ಕಡೆ ಓಡುತ್ತಾರಲ್ಲ, ಆಗ ಇಮೊ ಮೇಲಿನ ಮನೆಯ ಬಾಲ್ಕನಿಯಲ್ಲಿ ಕೈಕಟ್ಟಿ ನಿಂತು ಕೊನೆಯವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದರು. ಆ ಐದು ನಿಮಿಷ ಮಾತ್ರ ಅವರ ಕೈಕಾಲು ಅಲ್ಲಾಡುತ್ತಿರಲಿಲ್ಲ. ನಾನು ಅದನ್ನು ಗಮನಿಸಿದ್ದೆ, ಕಾರಣ ಕೇಳಿರಲಿಲ್ಲ.

ಇನ್ನು ನನ್ನ ಸ್ಥಿತಿ ಹೇಳಬೇಕು. ನಾನೂ ಕೂತಲ್ಲಿ ಕೂರುವವಳಲ್ಲ. ಕಂಪನಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ, ಎಂಟು ಗಂಟೆ ನಿಂತೇ ಇರುತ್ತಿದ್ದವಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಡಾಕ್ಟರು ಐದನೇ ತಿಂಗಳಲ್ಲೇ ಮಂಚ ಬಿಟ್ಟು ಇಳಿಯಬೇಡಿ ಎಂದರು. ಆ ನಾಲ್ಕು ತಿಂಗಳು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮಂಚದಿಂದ ಕಿಟಕಿಗೆ ಆರು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಎಂಟು. ಯಾರೂ ಇಲ್ಲದಾಗ ಎದ್ದು ಎಣಿಸಿದ್ದೆ. ಗಂಡ ಮುನಿರಾಜು ಏನು ಕೇಳಿದರೂ ಮೈಮೇಲೆ ಬೀಳುತ್ತಿದ್ದೆ. ಆ ಸೆಕೆಯಲ್ಲಿ ಫ್ಯಾನಾದರೂ ಇರಲಿ ಎಂದರೆ ಅದಕ್ಕೂ ಇಬ್ಬರು ವೈರಿಗಳು. "ಬಸುರಿಗೆ ಗಾಳಿ ಆಗಕ್ಕಿಲ್ಲ ಸೋಬಾ," ಎಂದು ಅತ್ತೆ ಆರಿಸಿ ಹೋಗುವರು. ನಾನು ಎದ್ದು ಹಾಕುವೆ. ಮಧ್ಯಾಹ್ನ ಇಮೊ ಬಂದು, ಕಿಟಕಿ ಮುಚ್ಚಿದ್ದು ನೋಡಿ, ಫ್ಯಾನು ತಿರುಗುವುದು ನೋಡಿ, ಹಾವು ಕಂಡವರ ಹಾಗೆ ಓಡಿಹೋಗಿ ಸ್ವಿಚ್ ಒತ್ತುವರು. ಮುಚ್ಚಿದ ಕೋಣೆಯಲ್ಲಿ ಫ್ಯಾನು ಹಾಕಿ ಮಲಗಿದರೆ ಜೀವ ಹೋಗುತ್ತದೆ ಎಂದು ಅವರ ದೇಶದ ಹಿರಿಯರು ಗಟ್ಟಿಯಾಗಿ ನಂಬುತ್ತಾರಂತೆ.

"ನೋಡ್ದಾ? ಅಷ್ಟು ದೂರದೋರಿಗೂ ಗೊತ್ತು," ಎಂದು ಅತ್ತೆ ಬೀಗಿದರು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದ ಇಬ್ಬರು ಹೆಂಗಸರು ಸೇರಿ ನನ್ನನ್ನು ಬೇಯಿಸಿದರು.

ಆ ತಿಂಗಳುಗಳಲ್ಲಿ ಪಾತ್ರೆಗಳು ಮೇಲೆ ಕೆಳಗೆ ಓಡಾಡಿದವು. ಮೇಲಿನಿಂದ ಕೋಸಿನ ಉಪ್ಪಿನಕಾಯಿ ಬಂದರೆ ಅದೇ ಡಬ್ಬಿಯಲ್ಲಿ ಕೆಳಗಿನಿಂದ ಅವರೆಕಾಳು ಉಸಲಿ ಹೋಗುತ್ತಿತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎನ್ನುವುದು ಅತ್ತೆಯ ಕಟ್ಟಳೆ. ಇಮೊ ಊರಿನ ಕಟ್ಟಳೆಯೂ ಅದೇ.

ಮಗಳು ಹುಟ್ಟಿದಳು. ತೂಕ ಕಡಿಮೆ, ಮೈ ಹಳದಿ. ಆಸ್ಪತ್ರೆಯವರು ಐದು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಆರನೆಯ ದಿನ ಅಮಾವಾಸ್ಯೆ, ಆ ದಿನ ಕೂಸನ್ನು ಹೊಸ್ತಿಲು ದಾಟಿಸುವುದು ಬೇಡವೆಂದು ಅತ್ತೆ ಡಾಕ್ಟರ ಹತ್ತಿರ ವಾದ ಮಾಡಿ ಹಿಂದಿನ ದಿನವೇ ನಮ್ಮನ್ನು ಬಿಡಿಸಿಕೊಂಡು ಬಂದರು. ತವರಲ್ಲಿ ಅಮ್ಮ ಇಲ್ಲದ್ದರಿಂದ ಬಾಣಂತನ ಅತ್ತೆಯದೇ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ, ದಿಂಬಿನ ಕೆಳಗೆ ಕುಡುಗೋಲು. ಈಗ ನಮ್ಮ ಮನೆ ನಿಂತಿರುವ ಜಾಗದಲ್ಲೇ ಅತ್ತೆ ರಾಗಿ ಕುಯ್ದ ಕುಡುಗೋಲು ಅದು. ಕೆಟ್ಟದ್ದು ಹತ್ತಿರ ಬರಬಾರದು ಎಂದು ಇಟ್ಟಿದ್ದರು.

ಅಮಾವಾಸ್ಯೆಯ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೋದ ಅತ್ತೆ ಕಿರುಚಿದ್ದು ನನಗೆ ಮಂಚದವರೆಗೆ ಕೇಳಿಸಿತು.

ಕಿಟಕಿಯಿಂದ ಇಣುಕಿದೆ. ನಮ್ಮ ವರಾಂಡದ ಗೇಟಿಗೆ ಅಡ್ಡಲಾಗಿ, ಎದೆಯ ಎತ್ತರಕ್ಕೆ ಒಂದು ಹಗ್ಗ. ಭತ್ತದ ಹುಲ್ಲಿನಲ್ಲಿ ಹೊಸೆದದ್ದು. ಗೇಣಿಗೊಂದು ಇದ್ದಿಲ ತುಂಡು, ನಡುನಡುವೆ ಬಿಳಿ ಕಾಗದದ ಚೂರು, ಸರ್ವೆ ಮರದ ಹಸಿರು ಕಡ್ಡಿ. ಮುನಿರಾಜು ಹಲ್ಲುಜ್ಜುತ್ತಾ ಓಡಿಬಂದರು.

"ಮುಟ್ಬ್ಯಾಡ ಕಣೋ!" ಅತ್ತೆ ಅವರ ತೋಳು ಹಿಡಿದು ಎಳೆದರು. "ಅಗ್ಗ ನೋಡು. ಎಡಕ್ಕೆ ಒಸೆದವ್ರೆ. ನನ್ನ ಜನ್ಮದಾಗೆ ಯಾರೂ ಎಡಕ್ಕೆ ಅಗ್ಗ ಒಸೆದಿದ್ ಕಾಣೆ. ಮಾಟ ಇದು. ಅಮಾಸೆ ದಿನ ನೋಡ್ಕಂಡು ಮಾಡವ್ರೆ."

"ಯಾರಮ್ಮ ಮಾಡ್ತಾರೆ?"

ಇಸ್ತ್ರಿ ಅಂಗಡಿಯವನು ಗೇಟಿನಾಚೆ ನಿಂತಿದ್ದ, ಅವನೇ ಹೇಳಿದ: "ಮೇಲಿನ ಮನೆ ಕೊರಿಯಾ ಮೇಡಂ ನಿನ್ನೆ ಇದ್ದಿಲು ಕೇಳಿ ಇಸ್ಕೊಂಡೋದ್ರು ಸಾರ್. ಚಿನ್ನಪ್ಪನವ್ರ ಕೊಟ್ಟಿಗೇಲಿ ಹುಲ್ಲೂ ತಗೊಂಡ್ರಂತೆ."

ಅತ್ತೆ ಒಳಗೆ ಬಂದರು. ನನ್ನ ತಲೆದಿಂಬಿನ ಕೆಳಗೆ ಕೈ ಹಾಕಿ ಕುಡುಗೋಲು ಸೆಳೆದುಕೊಂಡು ಹೋದರು. ಹಗ್ಗ ಎರಡು ತುಂಡಾಗಿ ಬಿತ್ತು. ಕೋಲಿನಲ್ಲಿ ಎತ್ತಿ ಎದುರಿನ ಖಾಲಿ ಸೈಟಿನಲ್ಲಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಅಷ್ಟರಲ್ಲಿ ಇಮೊ ಹೊರಗಿನ ಮೆಟ್ಟಿಲು ಇಳಿದು ಬಂದರು. ಎರಡೂ ಕೈಯಲ್ಲಿ ಸಾರಿನ ಪಾತ್ರೆ. ಗೇಟಿನಿಂದ ಒಳಗೆ ಬರಲಿಲ್ಲ, ಪಾತ್ರೆಯನ್ನು ಕಾಂಪೌಂಡಿನ ಮೇಲಿಟ್ಟು ಸೈಟಿನ ಕಡೆ ತಿರುಗಿದವರು ಹೊಗೆ ನೋಡಿದರು. ಹಗ್ಗವಿಲ್ಲದ ಗೇಟು ನೋಡಿದರು. "ಬೇಡ, ಬೇಡ," ಎಂದರು. ಏನು ಬೇಡವೋ ಹೇಳಲು ಅವರಿಗೆ ಪದ ಇರಲಿಲ್ಲ. ಫೋನು ಮೇಲೆಯೇ ಬಿಟ್ಟು ಬಂದಿದ್ದರು.

ಅತ್ತೆ ಪಾತ್ರೆ ಎತ್ತಿಕೊಂಡು ಹೋಗಿ ಸಾರನ್ನು ಚರಂಡಿಗೆ ಸುರಿದರು. ಹಸಿರು ಹಸಿರಾದ ಕಡಲ ಸೊಪ್ಪು ಚರಂಡಿಯ ಅಂಚಿಗೆ ಅಂಟಿಕೊಂಡಿತು. ಪಾತ್ರೆಯನ್ನು ತೊಳೆಯದೆ, ಖಾಲಿ, ಕಾಂಪೌಂಡಿನ ಮೇಲೆ ಠಣ್ಣನೆ ಕುಕ್ಕಿದರು.

ಇಮೊ ಕಿಟಕಿಯ ಕಡೆ ನೋಡಿದರು. ನಾನು ಅಲ್ಲೇ ಇದ್ದೆ. ನಮ್ಮಿಬ್ಬರ ನಡುವೆ ಹತ್ತಡಿ ಕೂಡ ಇರಲಿಲ್ಲ. "ಶೋಬಾ-ಯಾ," ಎಂದು ಕರೆದರು. ಚಿಕ್ಕವರನ್ನು ಅವರ ಊರಲ್ಲಿ ಹಾಗೆ ಕರೆಯುತ್ತಾರೆ.

ಈಗ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಬಂತು. ನನಗೂ ಭಯವಾಯಿತು. ನಾಲ್ಕು ತಿಂಗಳು ನನ್ನ ಮಂಚದ ಪಕ್ಕ ಕೂತು ಸೇಬು ಸುಲಿದು ಕೊಟ್ಟ ಕೈ ಅದು ಎಂದು ಗೊತ್ತಿತ್ತು. ಕೆಟ್ಟದ್ದು ಬಯಸುವ ಹೆಂಗಸಲ್ಲ ಎಂದೂ ಗೊತ್ತಿತ್ತು. ಆದರೂ ತೋಳಿನಲ್ಲಿ ಹಳದಿ ಮೈಯ ಕೂಸು ಬೆಳಗಿನಿಂದ ಮೊಲೆ ಹಿಡಿಯದೆ ಅಳುತ್ತಿತ್ತು. ಹಿಂದಿನ ಎರಡರ ನೆನಪು ಬಂತು. ನಾನು ಕಿಟಕಿಯ ಪರದೆ ಎಳೆದುಬಿಟ್ಟೆ.

ಮುನಿರಾಜು ಸಂಜೆ ಮೇಲೆ ಹೋಗಿ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಹೇಳಿ ಬಂದರು. ಮಗ ಏನೆಂದು ಕೂಡ ಕೇಳದೆ ಸೊಂಟ ಬಾಗಿಸಿ ಸಾರಿ ಸಾರಿ ಎಂದನಂತೆ. "ಪಾಪ ಕಣೇ, ಅವನಿಗೇನೂ ಗೊತ್ತಿಲ್ಲ," ಎಂದು ಮುನಿರಾಜು ಉಗುರು ಕಚ್ಚುತ್ತಾ ಕೂತರು. ಆ ಎರಡು ದಿನ ಮೇಲಿನಿಂದ ಹೆಜ್ಜೆಯ ಸದ್ದು ಕೇಳುತ್ತಲೇ ಇತ್ತು. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ, ಮತ್ತೆ ಮತ್ತೆ. ಚಪ್ಪಾಳೆ ಇರಲಿಲ್ಲ. ಕೆಳಗೆ ನಾನು ಅದೇ ಲೆಕ್ಕದಲ್ಲಿ ಮಗ್ಗುಲು ಬದಲಿಸುತ್ತಿದ್ದೆ.

ಮೂರನೆಯ ದಿನ ಕೂಸು ನೋಡಲು ನೆಂಟರು ಬಂದರು. ಹುಸ್ಕೂರಿನ ದೊಡ್ಡಮ್ಮ, ಅವರ ಸೊಸೆ, ಸೊಸೆಯ ತಂಗಿ. ದೊಡ್ಡಮ್ಮ ಗೇಟಿನಲ್ಲೇ ನಾಲ್ಕು ಸಲ ಸೀನಿದರು. ಮೆಟ್ಟಿಲ ಮೇಲಿಂದ ಇಮೊ ಓಡಿ ಬಂದರು. "ಬೇಡ! ಒಳಗೆ ಬೇಡ! ಪಾಪು! ಬೇಡ!" ಎಂದು ದೊಡ್ಡಮ್ಮನ ಸೆರಗನ್ನೇ ಹಿಡಿದರು. ದೊಡ್ಡಮ್ಮ ಹೌಹಾರಿ ನಿಂತರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಜಗಳ ಆಗಿಯೇ ಆಗುತ್ತದೆ ಎಂದುಕೊಂಡೆ. ಆದರೆ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಕಣ್ಣು ಇಮೊನ ಕಾಲ ಮೇಲಿತ್ತು.

"ಸೋಬಾ, ಇಲ್ ನೋಡು," ಎಂದರು ಮೆಲ್ಲಗೆ. "ಇವ್ಳು ಗೇಟು ದಾಟ್ತಿಲ್ಲ. ಅವತ್ತೂ ದಾಟ್ಲಿಲ್ಲ, ಸಾರು ಗ್ವಾಡೆ ಮ್ಯಾಲೆ ಇಟ್ಳು. ಮಾಟ ಮಾಡೋಳು ಒಳಕ್ಕೆ ಬರಕ್ಕೆ ಒಂಚ್ ಆಕ್ತಾಳೆ, ಆಚೆ ಯಾಕ್ ನಿಂತ್ಕತಾಳೆ?"

ನನ್ನ ಬಾಯಿ ಆಗ ಬಿಟ್ಟಿತು. "ಫೋನು ತರೋಕೆ ಹೇಳಿ ಅತ್ತೆ," ಎಂದೆ. ಅಷ್ಟೇ. ಮೂರು ದಿನ ತಡವಾಗಿ, ಅಷ್ಟೇ ಹೇಳಿದೆ.

ಫೋನು ಈ ಸಲ ಅವರ ಜೇಬಿನಲ್ಲೇ ಇತ್ತು. ಅದಕ್ಕೆ ಒಂದೇ ಉಸಿರಿನಲ್ಲಿ ಏನೇನೋ ಹೇಳಿ, ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಅತ್ತೆಯ ಮುಂದೆ ಹಿಡಿದರು. ವಾರ್ತೆಯ ಹೆಂಗಸು ಏರಿಳಿತವಿಲ್ಲದೆ ಓದಿದಳು.

"ಮಗು ಜನಿಸಿದ ಗೃಹಕ್ಕೆ ನಾವು ಹಗ್ಗವನ್ನು ಕಟ್ಟುತ್ತೇವೆ. ಇಪ್ಪತ್ತೊಂದು ದಿನಗಳ ಕಾಲ ಹೊರಗಿನವರು ಒಳಗೆ ಪ್ರವೇಶಿಸಬಾರದು. ಗಂಡು ಮಗುವಾದರೆ ಕೆಂಪು ಮೆಣಸಿನಕಾಯಿ. ಹೆಣ್ಣು ಮಗುವಾದರೆ ಇದ್ದಿಲು. ಹಗ್ಗವನ್ನು ಎಡಕ್ಕೆ ಹೊಸೆಯಬೇಕು. ಬಲಕ್ಕೆ ಹೊಸೆದ ಹಗ್ಗ ಕೆಲಸದ ಹಗ್ಗ. ಎಡದ ಹಗ್ಗಕ್ಕೆ ಕೆಟ್ಟದ್ದು ಹೆದರುತ್ತದೆ."

ದೊಡ್ಡಮ್ಮ ಇನ್ನೊಮ್ಮೆ ಸೀನಿದರು.

"ಇದನ್ನ ಮೊದ್ಲೇ ಏಳಕ್ಕೆ ಏನಾಗಿತ್ತು ನಿಂಗೆ?" ಅತ್ತೆಯ ದನಿಯಲ್ಲಿ ಸಿಟ್ಟು ಹೋಗಿ ಅಳು ಬಂದಿತ್ತು. ಫೋನು ಅದನ್ನು ಆ ಕಡೆಗೆ ಹೇಳಿತು, ಉತ್ತರ ತಂದಿತು: "ಹಗ್ಗವನ್ನು ಕೇಳಿ ಕಟ್ಟುವುದಿಲ್ಲ. ಹಗ್ಗವನ್ನು ನೋಡಿದರೆ ಎಲ್ಲರಿಗೂ ತಿಳಿಯುತ್ತದೆ."

ಎಲ್ಲರಿಗೂ ತಿಳಿಯುವ ಊರಿನಿಂದ ಬಂದ ಹೆಂಗಸು. ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು ಎಂದು ಅವರಿಗೆ ಹೇಗೆ ಹೊಳೆಯಬೇಕು? ಬೇವಿನ ಸೊಪ್ಪು ಬಾಗಿಲಲ್ಲಿ ಕಂಡರೆ ನಾವು ಯಾರನ್ನಾದರೂ ಯಾಕೆಂದು ಕೇಳುತ್ತೇವೆಯೇ?

ಅತ್ತೆ ನೆಂಟರ ಕಡೆ ತಿರುಗಿದರು. "ಅಕ್ಕಾ, ತಪ್ ತಿಳ್ಕಬ್ಯಾಡ. ಇಪ್ಪತ್ತೊಂದು ದಿನ ಕಳೀಲಿ, ಆಮ್ಯಾಕೆ ಬಾ. ಓಳ್ಗೆ ಮಾಡಿ ಕರೀತೀನಿ." ದೊಡ್ಡಮ್ಮ ಮುಖ ದಪ್ಪ ಮಾಡಿಕೊಂಡು ಹೋದರು. ಆ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ.

ಮಧ್ಯಾಹ್ನ ಅತ್ತೆಯೇ ಚಿನ್ನಪ್ಪನವರ ಕೊಟ್ಟಿಗೆಗೆ ಹೋಗಿ ಹುಲ್ಲು ಹೊತ್ತು ತಂದರು. ಗೇಟಿನ ಒಳಗೆ ಅತ್ತೆ, ಹೊರಗೆ ಇಮೊ, ನಡುವೆ ಹುಲ್ಲಿನ ರಾಶಿ. ಅತ್ತೆಯ ಅಂಗೈ ಅರವತ್ತು ವರ್ಷ ಬಲಕ್ಕೇ ಹೊಸೆದದ್ದು, ಎಡಕ್ಕೆ ತಿರುಗಲು ಒಪ್ಪುತ್ತಿರಲಿಲ್ಲ. ನಾಲ್ಕು ಸುತ್ತಿಗೆ ಹುರಿ ಬಿಚ್ಚಿಕೊಳ್ಳುವುದು, ಇಮೊ "ಬೇಡ, ಬೇಡ" ಎನ್ನುವುದು, ಅತ್ತೆ "ಇರು ತಾಯಿ, ಅವಸರ ಮಾಡ್ಬ್ಯಾಡ" ಎನ್ನುವುದು. ಇಮೊ ಹೊಸೆಯುವಾಗ ನಡುನಡುವೆ ನಿಲ್ಲಿಸಿ ಮಣಿಕಟ್ಟು ನೀವಿಕೊಳ್ಳುತ್ತಿದ್ದರು.

"ಕೈಗೇನಾಯ್ತು ಒಕ್ಸಮ್ಮ?" ಎಂದು ಅತ್ತೆ ಕೇಳಿದರು.

ಇಮೊ ಫೋನಿಗೆ ಹೇಳತೊಡಗಿದರು. ಈ ಸಲ ಬೇಗ ಬೇಗ ಹೇಳಲಿಲ್ಲ. ಒಂದೊಂದು ವಾಕ್ಯಕ್ಕೂ ನಿಂತರು. "ನಾನು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದೆ. ನನ್ನ ಮಗ ಜನಿಸಿದಾಗ ಬಾಡಿಗೆ ಕೋಣೆಯಲ್ಲಿ ವಾಸವಿದ್ದೆ. ನನ್ನ ತಾಯಿ ಊರಿನಿಂದ ಹಗ್ಗ ತಂದರು. ಮನೆಯ ಮಾಲೀಕರು ಕಟ್ಟಲು ಬಿಡಲಿಲ್ಲ. ಬಾಡಿಗೆದಾರರ ಹಗ್ಗ ತಮ್ಮ ಬಾಗಿಲಿಗೆ ಬೇಡ ಎಂದರು. ಹತ್ತನೆಯ ದಿನ ಕೆಲಸಕ್ಕೆ ಮರಳಿದೆ. ತಣ್ಣೀರು ಮುಟ್ಟಿದೆ. ಮೂಳೆಯೊಳಗೆ ಗಾಳಿ ಸೇರಿತು. ಇನ್ನೂ ಹೋಗಿಲ್ಲ."

ಬೆಳಗ್ಗೆ ಎಂಟರ ಬಾಲ್ಕನಿ ನನಗೆ ಆಗ ಅರ್ಥವಾಯಿತು. ಅತ್ತೆ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟರು. ಆ ಮನೆ ಮಾಲೀಕರನ್ನು ಬೈಯಬೇಕೆಂದು ಬಾಯಿ ತೆರೆದರು, ಬೈಯಲು ಆಗಲಿಲ್ಲ.

ಸಂಜೆ ಗೇಟಿಗೆ ಹಗ್ಗ ಬಂತು. ಅರ್ಧ ಭಾಗ ನಯ, ಅರ್ಧ ಭಾಗ ಗಂಟು ಗಂಟು. ಅತ್ತೆ ಆ ಖಾಲಿ ಪಾತ್ರೆಯ ತುಂಬ ಬೆಳ್ಳುಳ್ಳಿ ಮೆಣಸಿನ ಸಾರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಹಗ್ಗದ ಮೇಲಿಂದ ಇಮೊಗೆ ಕೊಟ್ಟರು. "ಮನೆ ಖಾಲಿ ಮಾಡೋ ಮಾತು ಇನ್ಯಾವತ್ತೂ ಆಡ್ಬ್ಯಾಡ," ಎಂದು ಮುನಿರಾಜುವಿಗೆ ಹೇಳಿದರು, ಹೇಳಲು ಕಳಿಸಿದ್ದು ತಾವೇ ಅಲ್ಲವೆಂಬಂತೆ.

ಮಾರನೆಯ ದಿನದಿಂದ ಕಡಲ ಸೊಪ್ಪಿನ ಸಾರು ಮತ್ತೆ ಕಾಂಪೌಂಡಿನ ಮೇಲೆ ಬರತೊಡಗಿತು. ಅವರ ಊರಲ್ಲಿ ಬಾಣಂತಿಗೆ ಇದೇ ಪಥ್ಯವಂತೆ, ಹುಟ್ಟುಹಬ್ಬಕ್ಕೂ ಇದೇ ಸಾರಂತೆ. ಲೋಳೆ, ಎಳ್ಳೆಣ್ಣೆಯ ವಾಸನೆ. ಮೊದಲ ಗುಟುಕಿಗೆ ವಾಂತಿ ಬರುವ ಹಾಗಾಯಿತು. ಒಂದು ವಾರಕ್ಕೆ ಎರಡು ಬಟ್ಟಲು ಕೇಳುವವಳಾದೆ. ಹಾಲು ಇಳಿಯಿತು, ಮಗಳ ಹಳದಿ ಕಳೆಯಿತು. ಅದು ಸಾರಿನಿಂದಲೋ ಡಾಕ್ಟರ ಔಷಧಿಯಿಂದಲೋ ನನಗೆ ಗೊತ್ತಿಲ್ಲ, ನಾನು ವಾದಿಸುವುದಿಲ್ಲ. ಇಪ್ಪತ್ತೆರಡನೆಯ ದಿನ ಇಮೊ ಹಗ್ಗ ಬಿಚ್ಚಿ, ಮಗು ಹುಟ್ಟಿದ ಮೇಲೆ ಮೊದಲ ಸಲ ಒಳಗೆ ಬಂದು, ಕೂಸನ್ನು ಎತ್ತಿಕೊಂಡರು. ಕೂಸು ಅವರ ಬೆರಳು ಹಿಡಿಯಿತು. ನಾನು ಆ ದಿನ ಹೇಳಬೇಕಿತ್ತು. ಪರದೆ ಎಳೆದದ್ದು ತಪ್ಪಾಯಿತು ಇಮೊ ಎಂದು. ಅತ್ತೆ ಪಕ್ಕದಲ್ಲಿದ್ದರು, ಹೇಳಲಿಲ್ಲ. ಆಮೇಲೆ ನೂರು ದಿನ ತುಂಬಿತೆಂದು ಅವರು ಅಕ್ಕಿಯ ಸಿಹಿ ಮಾಡಿ ಬೀದಿಗೆಲ್ಲ ಹಂಚಿದರು. ಆಗಲೂ ಹೇಳಲಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಬಿಡುವೇ ಸಿಗಲಿಲ್ಲ ಎಂದರೆ ಅದು ನೆಪ. ಅವರ ಕಣ್ಣಿಗೆ ಕಣ್ಣು ಕೊಟ್ಟು ಕೂತರೆ ನನ್ನ ಕಾಲು ತಾನಾಗಿ ಅಲ್ಲಾಡುತ್ತಿತ್ತು, ಎದ್ದು ಹೋಗುತ್ತಿದ್ದೆ.

ಮಗಳು ಅಂಬೆಗಾಲಿಟ್ಟು ಹೊಸ್ತಿಲು ದಾಟುವ ಹೊತ್ತಿಗೆ ಅವರ ಮಗನಿಗೆ ಬೇರೆ ದೇಶದ ಕಾರ್ಖಾನೆಗೆ ವರ್ಗವಾಯಿತು. ಹೊರಡುವುದಕ್ಕೆ ನಾಲ್ಕೇ ದಿನ. ಇಮೊ ನಾಲ್ಕು ದಿನದ ಕೆಲಸವನ್ನು ಎರಡೇ ದಿನದಲ್ಲಿ ಮುಗಿಸಿ, ಮೂರನೆಯ ದಿನ ಖಾಲಿ ಮನೆಯ ನೆಲವನ್ನು ಕುಕ್ಕರಗಾಲಲ್ಲಿ ಕೂತು ಮೂರು ಸಲ ಒರೆಸಿದರು. ಕತ್ತರಿಯನ್ನು ಅತ್ತೆಗೆ ಕೊಟ್ಟರು, ಎರಡೂ ಕೈಯಲ್ಲಿ.

ಹೊರಡುವ ಬೆಳಗ್ಗೆ ನಾನು ರಜೆ ಹಾಕಿದ್ದೆ. ಹೇಳಬೇಕಾದ ಮಾತನ್ನು ಹಿಂದಿನ ದಿನವೇ ನನ್ನ ಫೋನಿಗೆ ಹೇಳಿ, ಅದು ಕೊರಿಯಾ ಭಾಷೆಯಲ್ಲಿ ನುಡಿಯುವುದನ್ನು ಮೂರು ಸಲ ಕೇಳಿಟ್ಟುಕೊಂಡಿದ್ದೆ. ಗೇಟಿನ ಹತ್ತಿರ ಹೋಗಿ ಫೋನು ಮುಂದೆ ಹಿಡಿದೆ. ಇಮೊ ನನ್ನ ಕೈಯನ್ನು, ಫೋನಿನ ಸಮೇತ, ತಮ್ಮ ಎರಡು ಕೈಯೊಳಗೆ ಮುಚ್ಚಿಕೊಂಡುಬಿಟ್ಟರು. ಫೋನು ಒಳಗೇ ಏನೋ ಗೊಣಗಿತು.

"ಊಟ ಆಯ್ತಾ?" ಎಂದರು.

ಬೆಳಗಿನ ಏಳು ಗಂಟೆ. "ಇಲ್ಲ ಇಮೊ," ಎಂದೆ.

"ಬೇಗ. ಊಟ, ಬೇಗ ಬೇಗ," ಎಂದು ನನ್ನನ್ನು ಮನೆಯ ಕಡೆ ದೂಡಿದರು. ಆಮೇಲೆ ಕಾರಿನವರೆಗೆ ನಡೆದರು. ಅವತ್ತು ಮುಂದಕ್ಕೆ ನಡೆದರು, ನಮಗೆ ಬೆನ್ನು ಮಾಡಿ, ಮೊಣಕಾಲು ನೋಯುತ್ತಿದ್ದರೂ. ಒಂದು ಸಲವೂ ತಿರುಗಿ ನೋಡಲಿಲ್ಲ. ಹಿಮ್ಮುಖವಾಗಿ ನಡೆದಿದ್ದರೆ ನಮ್ಮ ಮುಖ ನೋಡುತ್ತಾ ಹೋಗಬೇಕಿತ್ತು.

ಕೆಲವು ತಿಂಗಳು ಅವರ ನಂಬರಿನಿಂದ ಹೂವಿನ ಚಿತ್ರಗಳು ಬರುತ್ತಿದ್ದವು. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು.

ಮೇಲಿನ ಮನೆಗೆ ಈಗ ಸಿಂಧನೂರಿನ ಕಡೆಯ ಗಂಡ ಹೆಂಡತಿ ಬಂದಿದ್ದಾರೆ. ಹುಡುಗಿಯ ಹೆಸರು ರೇಣುಕಾ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ಹೋದ ವಾರ ಅವಳಿಗೆ ಗಂಡು ಮಗುವಾಯಿತು. ಆಸ್ಪತ್ರೆಯಿಂದ ಬರುವಾಗಲೇ, "ಲಗೂನ ಕೆಲಸಕ್ಕ ಹೋಗಬೇಕ್ರಿ ಅಕ್ಕ, ಇಲ್ಲಂದ್ರ ಬ್ಯಾರೆಯವ್ರನ್ನ ಕೂರಸ್ತಾರ," ಎಂದಳು. ಒಂದು ಕಡೆ ಕೂರುವವಳಲ್ಲ, ಮೆಟ್ಟಿಲಿಳಿದು ಇಳಿದು ಬರುತ್ತಿದ್ದಳು.

ನಿನ್ನೆ ನಾನು ಕೆಲಸದಿಂದ ಬಂದಾಗ ಮೆಟ್ಟಿಲ ಬುಡದಲ್ಲಿ ಅತ್ತೆ ನಿಂತಿದ್ದರು. ಕೈಗೆಲ್ಲ ಹುಲ್ಲು ಅಂಟಿತ್ತು. ಕಂಬದಿಂದ ಕಂಬಕ್ಕೆ ಹಗ್ಗ, ಎಡಕ್ಕೆ ಹೊಸೆದದ್ದು, ಗೇಣಿಗೊಂದು ಬ್ಯಾಡಗಿ ಮೆಣಸಿನಕಾಯಿ. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು, "ಏನ್ ಆಂಟಿ ಇದು, ಬಾಡಿಗೆಯವ್ರ ಮೆಟ್ಲಿಗೆ ಹಗ್ಗ ಕಟ್ಟಿದೀರಾ?" ಎಂದು ಕೇಳುತ್ತಿದ್ದರು.

"ಇಪ್ಪತ್ತೊಂದು ದಿನ ಯಾರೂ ಅತ್ತಂಗಿಲ್ಲ, ಅವ್ಳೂ ಇಳಿಯಂಗಿಲ್ಲ," ಎಂದರು ಅತ್ತೆ. "ಕೆಲ್ಸದೋರು ಫೋನ್ ಮಾಡಿದ್ರೆ ನನ್ ಕೈಗೆ ಕೊಡಕ್ಕೆ ಏಳಿದೀನಿ. ನಮ್ಮನೆ ಪದ್ಧತಿ ಕಣಮ್ಮ ಇದು."

ಒಳಗೆ ಹೋಗಿ ಸಾರು ಬಿಸಿ ಮಾಡಿದೆ. ಇಮೊ ಬಿಟ್ಟುಹೋದ ಕಡಲ ಸೊಪ್ಪಿನ ಕೊನೆಯ ಪೊಟ್ಟಣ, ಮಗಳ ಹುಟ್ಟುಹಬ್ಬಕ್ಕೆಂದು ಎತ್ತಿಟ್ಟಿದ್ದೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ಹಗ್ಗದ ಈಚೆಗೇ, ಕೆಳಗಿನ ಮೆಟ್ಟಿಲ ಮೇಲಿಟ್ಟೆ. "ರೇಣುಕಾ, ಗಂಡನ್ನ ಕಳಿಸಿ ತಗೋಮ್ಮ, ಬೇಗ," ಎಂದು ಕೂಗಿದೆ. ಮೇಲಿನ ಬಾಲ್ಕನಿಯಲ್ಲಿ ಅವಳ ತಲೆ ಕಂಡಿತು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವಳನ್ನು ನೋಡುತ್ತಲೇ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೆ. ಮೊಣಕಾಲು ನೋಯಲಿಲ್ಲ.